ಹೊಸ ಡ್ರಮ್ಮಿಗೆ ಹೊಸ ತಾರೀಖು

ಕನ್ನಡಿಯ ಮುಂದೆ ನಿಂತು ಮೂಗಿನ ಎಡ ಹೊಳ್ಳೆಯನ್ನು ಬೆರಳಿನಿಂದ ಒತ್ತಿಹಿಡಿದು ಬಲ ಹೊಳ್ಳೆಯಿಂದ ಉಸಿರೆಳೆದ. ಏನೂ ಕೇಳಿಸಲಿಲ್ಲ. ಬೆರಳು ಬದಲಿಸಿ ಮತ್ತೆ ಎಳೆದ. ನಲ್ಲಿ ತೊಟ್ಟಿಕ್ಕುವ ಸದ್ದು ಬಿಟ್ಟರೆ ಆಗಲೂ ಏನೂ ಇಲ್ಲ. ಹದಿನೈದು ದಿನಗಳಿಂದ ಹಾಸಿಗೆ ಬಿಟ್ಟ ಕೂಡಲೇ ಮಾಡುವ ಮೊದಲ ಕೆಲಸ ಇದಾಗಿಬಿಟ್ಟಿತ್ತು. ತನ್ನ ಮೂಗಿಗೆ ಏನೂ ಆಗಿಲ್ಲ, ಆಗುವ ಕಾರಣವೂ ಇಲ್ಲ ಎಂಬುದು ಅವನಿಗೆ ಚೆನ್ನಾಗಿಯೇ ಗೊತ್ತು. ವಿಷದ ಮಣ್ಣಿಟ್ಟ ಆ ಶೆಡ್ಡಿನೊಳಗೆ ಅವನು ಮೂರು ತಿಂಗಳಿಗೊಮ್ಮೆ ಹೋಗಿ ಹತ್ತು ನಿಮಿಷ ನಿಂತು ಬರುವವನು, ಅದೂ ಇಲಾಖೆ ಕೊಟ್ಟ ದಪ್ಪ ಮುಖಗವಸು ಹಾಕಿಕೊಂಡು. ಆದರೂ ಒತ್ತಿ ನೋಡದೆ ಇರಲಾಗುತ್ತಿರಲಿಲ್ಲ. ಸದ್ದು ಬರಲಿಲ್ಲವೆಂದು ಸಮಾಧಾನವಾದರೂ ಆಗಬೇಕಿತ್ತಲ್ಲ, ಅದೂ ಆಗದೆ, ಪರರ ವಸ್ತುವನ್ನು ಕದ್ದು ನೋಡಿದವನಿಗೆ ಆಗುವ ನಾಚಿಕೆಯಾಗುತ್ತಿತ್ತು.

"ರೀ, ಶೀತ ಆಗಿದ್ಯಾ? ಬೆಳಗ್ಗೆಯಿಂದ ಮೂಗು ಹಿಡ್ಕೊಂಡು ನಿಂತಿದ್ದೀರಲ್ಲ," ಎಂದು ಹೆಂಡತಿ ಬಾಗಿಲಾಚೆಯಿಂದ ಕೇಳಿದಳು. ಇಲ್ಲ ಎಂದ. "ಮತ್ತೆ ಬೇಗ ಬನ್ನಿ, ಅತ್ತಿಗೆಗೆ ಬಚ್ಚಲುಮನೆ ಬೇಕಂತೆ, ಊರಿಗೆ ಹೊರಟಿದ್ದಾರೆ."

ಹೊರಗೆ ಬಂದರೆ ಅಕ್ಕ ನಡುಮನೆಯ ಮಂಚದ ಮೇಲೆ ಸೂಟ್‌ಕೇಸು ತೆರೆದಿಟ್ಟುಕೊಂಡು ಕೂತಿದ್ದಳು. ಅದನ್ನು ತುಂಬುವ ಕೆಲಸವೇನೂ ಇರಲಿಲ್ಲ, ಏಕೆಂದರೆ ಅದು ಯಾವತ್ತೂ ಖಾಲಿಯಾದದ್ದೇ ಇಲ್ಲ. ಭಾವ ತೀರಿಕೊಂಡ ಮೇಲೆ ಬಂದವಳು, ಈ ಮನೆಯಲ್ಲಿ ಅವಳಿಗೊಂದು ಬೀರು ಇದ್ದರೂ ಬಟ್ಟೆಯನ್ನು ಸೂಟ್‌ಕೇಸಿನಿಂದಲೇ ತೆಗೆದು ಉಟ್ಟು, ಒಗೆದು, ಮಡಿಸಿ, ಮತ್ತೆ ಅದರಲ್ಲೇ ಇಡುತ್ತಿದ್ದಳು. ಎರಡು ಮೂರು ತಿಂಗಳಿಗೊಮ್ಮೆ ಚಿಕ್ಕಮ್ಮನ ಮಗಳ ಮನೆಗೆ ಹೋಗಿ ಎರಡು ರಾತ್ರಿ ಕಳೆದು ಬರುವುದು, ಬಂದವಳೇ ಚಪ್ಪಲಿ ಬಿಡುತ್ತಾ "ಬಂದೆ ಕಣೋ, ನಾಲ್ಕು ದಿನ ಇದ್ದು ಹೋಗ್ತೀನಿ" ಎನ್ನುವುದು, ಅದಕ್ಕೆ ಎಲ್ಲರೂ ನಗುವುದು, ಇದು ಮನೆಯ ಒಂದು ತಮಾಷೆಯಾಗಿ ಎಷ್ಟೋ ಕಾಲವಾಗಿತ್ತು. ಇವತ್ತು ಯಾಕೋ ಅವನಿಗೆ ನಗು ಬರಲಿಲ್ಲ. ಆ ತಂಗಿಯ ಮನೆಯಲ್ಲಿ ಅಕ್ಕನಿಗೆ ಅಂಥ ಸುಖವೇನೂ ಇಲ್ಲ, ಅಲ್ಲಿ ಅವಳು ನೆಲದ ಮೇಲೆ ಮಲಗಿ ಸೊಂಟ ಹಿಡಿಸಿಕೊಂಡು ಬರುತ್ತಾಳೆ. ಹೀಗೆ ಆಗಾಗ ಯಾಕೆ ಹೋಗಬೇಕು ಎಂದು ಕೇಳಿದ.

"ಹೋಗಿ ಬಂದ್ರೆ ಬಂದ ಹಾಗಿರತ್ತೆ. ಹೋಗ್ದಿದ್ರೆ ಇಲ್ಲೇ ಇದ್ದುಬಿಟ್ಟ ಹಾಗಿರತ್ತೆ," ಎಂದಳು ಅಕ್ಕ, ಸೀರೆಯ ಅಂಚನ್ನು ಅಂಗೈಯಿಂದ ನೇವರಿಸುತ್ತಾ.

ಆ ಮಾತು ಅವನ ಎದೆಗೆ ನಾಟಿತು. ಅವಳು ಅದನ್ನು ಯಾವ ಕಹಿಯೂ ಇಲ್ಲದೆ, ಹಾಲು ಉಕ್ಕಿತು ನೋಡು ಎಂಬಷ್ಟು ಸಹಜವಾಗಿ ಹೇಳಿದ್ದಳು. ನೀನು ಮೊದಲ ಸಲ ಬಂದಿದ್ದು ಯಾವತ್ತು ಎಂದು ಕೇಳಿದ. ಅಕ್ಕ ತಲೆಯೆತ್ತದೆಯೇ ವರ್ಷ, ತಿಂಗಳು, ತಾರೀಖು ಹೇಳಿದಳು. ಬುಧವಾರ, ಮಧ್ಯಾಹ್ನ, ಮೂರು ಗಂಟೆಗೆ ಹತ್ತು ನಿಮಿಷ ಇತ್ತು ಎಂದೂ ಹೇಳಿದಳು. ಏಳು ವರ್ಷ ಆಗಿಹೋಗಿತ್ತು. ಅವನು ನಾಲ್ಕೋ ಐದೋ ಅಂದುಕೊಂಡಿದ್ದ. "ನಿನ್ನ ಹೆಂಡ್ತಿ ಪಾಪ ಏನೂ ಕೇಳಿರಲಿಲ್ಲ. ನಾನು ಬಾಯಿ ತೆಗೆಯೋ ಮುಂಚೆ ನೀನೇ ಅಂದೆ, ನಾಲ್ಕು ದಿನ ಇರ್ತಾಳೆ ಅಷ್ಟೆ, ಅಂತ," ಎಂದು ಸೂಟ್‌ಕೇಸಿನ ಮುಚ್ಚಳ ಒತ್ತಿ ಚಿಲಕ ಹಾಕಿದಳು. ಅವನಿಗೆ ಆ ಮಾತು ಆಡಿದ ನೆನಪೇ ಇರಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು. ಆಡಿದವನಿಗೆ ಮರೆತೇ ಹೋಗಿರುವ ಇಂಥ ಮಾತುಗಳು ಇನ್ನೆಷ್ಟು ಜನರ ಮೈಮೇಲೆ ಕೂತಿವೆಯೋ ಎಂದುಕೊಂಡು ಕಾಫಿ ಲೋಟ ಹಿಡಿದು ನಿಂತೇ ಕುಡಿದ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ತೊಡೆಯ ಮೇಲಿನ ಚೀಲದಲ್ಲಿ ಮೂರು ಪ್ರತಿಯ ತಪಾಸಣಾ ನಮೂನೆ, ನಡುವೆ ನೀಲಿ ಕಾರ್ಬನ್ ಹಾಳೆಗಳು, ಮುಖಗವಸು, ಊಟದ ಡಬ್ಬಿ. ಕಚೇರಿಯಲ್ಲಿ ಅವನನ್ನು ಎಲ್ಲರೂ ಪ್ರಭಾರಿ ಎಂದು ಕರೆಯುತ್ತಿದ್ದರು. ಹಿಂದಿನ ಅಧಿಕಾರಿ ವರ್ಗವಾಗಿ ಹೋದಾಗ, ಬೇರೆಯವರು ಬರುವವರೆಗೆ ಎಂದು ಅವನಿಗೆ ಪ್ರಭಾರ ವಹಿಸಿದ್ದರು. ಬೇರೆಯವರು ಬರಲೇ ಇಲ್ಲ. ಆರು ವರ್ಷದಿಂದ ಬಾಗಿಲ ಮೇಲೆ ಹಿಂದಿನವರ ಹೆಸರಿನ ಹಲಗೆಗೆ ಕಾಗದ ಅಂಟಿಸಿ ಅದರ ಮೇಲೆ ಪ್ರಭಾರ ಎಂದು ಬರೆದಿತ್ತು, ಕಾಗದ ಹಳದಿಯಾದಾಗ ಜವಾನ ಹೊಸದು ಅಂಟಿಸುತ್ತಿದ್ದ. ಈ ತಿಂಗಳ ಕೊನೆಯೊಳಗೆ ಖಾಯಂ ಆದೇಶ ಬರುತ್ತದೆ, ಕಡತ ಮೇಲಿನವರ ಮೇಜಿನ ಮೇಲಿದೆ, ಈಗ ಯಾವ ತಕರಾರೂ ಬರದ ಹಾಗೆ ನೋಡಿಕೊಳ್ಳಿ ಎಂದು ಕೇಂದ್ರ ಕಚೇರಿಯ ಗುಮಾಸ್ತ ಫೋನಿನಲ್ಲಿ ಹೇಳಿದ್ದ. ತಕರಾರು ಎಂಬ ಮಾತು ಕಿವಿಗೆ ಬಿದ್ದಾಗ ಅವನಿಗೆ ಕಂಡದ್ದು ಒಂದು ಮೂಗು.

ಆ ಮೂಗು ಹದಿನೈದು ದಿನದ ಹಿಂದೆ ಅವನ ಮೇಜಿನ ಎದುರಿಗೆ ಬಂದು ನಿಂತಿತ್ತು. ಶೆಡ್ಡಿನಲ್ಲಿ ಕೆಲಸ ಮಾಡುವವನು, ಜೊತೆಯವರು ಸಿಳ್ಳೆ ಎಂದು ಕರೆಯುವ ನಲವತ್ತರ ಆಸುಪಾಸಿನ ಗಂಡಸು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಡಾಕ್ಟರ ಚೀಟಿ ಹಿಡಿದು ಬಂದಿದ್ದ. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಚೀಟಿಯಲ್ಲಿ, ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ ತೂತಾಗಿದೆ, ಎದೆಯನ್ನೂ ಪರೀಕ್ಷೆ ಮಾಡಿಸಬೇಕು ಎಂದಿತ್ತು. ಕೆಲಸದಿಂದ ಬರುವ ಕಾಯಿಲೆಗಳಿಗೇ ಇರುವ ಆಸ್ಪತ್ರೆಯೊಂದಿದೆಯಂತೆ, ಅಲ್ಲಿ ಸೇರಿಸಿಕೊಳ್ಳಬೇಕಾದರೆ ವಿಷದ ಮಣ್ಣನ್ನು ಆರು ತಿಂಗಳಿಗಿಂತ ಹೆಚ್ಚು ಕೈಯಲ್ಲಿ ಮುಟ್ಟಿದ್ದಾನೆ ಎಂದು ತಪಾಸಣೆ ಮಾಡುವ ಅಧಿಕಾರಿ ಬರೆದುಕೊಡಬೇಕಂತೆ. "ಒಂದು ಸಾಲು ಬರೆದುಕೊಟ್ರೆ ಸಾಕು ಸರ್," ಎಂದಿದ್ದ. ಮಾತಿನ ನಡುವೆ ಉಸಿರೆಳೆದಾಗಲೆಲ್ಲ ಅವನ ಮೂಗಿನಿಂದ ಸಣ್ಣ ಸಿಳ್ಳೆ ಬರುತ್ತಿತ್ತು, ಬಾಗಿಲ ಸಂದಿನಲ್ಲಿ ಗಾಳಿ ನುಗ್ಗಿದ ಹಾಗೆ. ಕೋಣೆಯಲ್ಲಿ ಫ್ಯಾನು ನಿಂತಿತ್ತು, ಆದ್ದರಿಂದ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಪ್ರಭಾರಿ ಚೀಟಿಯನ್ನು ಎರಡು ಸಲ ಓದಿದ, ತಿರುಗಿಸಿ ಹಿಂದೇನಾದರೂ ಬರೆದಿದೆಯೇ ಎಂದೂ ನೋಡಿದ. ಆಮೇಲೆ ಬಾಯಿಂದ ಹೊರಟದ್ದು ಒಂದೇ ಮಾತು. "ನೋಡೋಣ," ಎಂದ. "ಮುಂದಿನ ತಪಾಸಣೆಗೆ ಬಂದಾಗ ನೋಡೋಣ." ಆ ಮನುಷ್ಯ ನಮಸ್ಕಾರ ಮಾಡಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋಗಿದ್ದ.

ಸಿಳ್ಳೆಯ ಅರ್ಥ ಅವನಿಗೆ ತಿಳಿದದ್ದು ಆ ದಿನ. ಅದಕ್ಕೆ ಮುಂಚೆ ನವೆಂಬರಿನಲ್ಲಿ ತಪಾಸಣೆಗೆ ಹೋದಾಗ ಹಿಂದಿನಿಂದ ಯಾರೋ ಸಿಳ್ಳೆ ಹೊಡೆಯುತ್ತಿದ್ದರು. ಅವನು ಡ್ರಮ್ಮುಗಳ ಸಾಲಿನ ನಡುವೆ ಬಗ್ಗಿ ಚೀಟಿ ಓದುತ್ತಿದ್ದ, ಬಗ್ಗಿದರೆ ಪ್ಯಾಂಟು ಬಿಗಿಯಾಗುತ್ತಿತ್ತು, ಬಗ್ಗಿದಾಗಲೆಲ್ಲ ಹಿಂದೆ ಒಂದು ಸಣ್ಣ ಸಿಳ್ಳೆ. ನೆಟ್ಟಗಾದರೆ ನಿಲ್ಲುತ್ತದೆ, ಬಗ್ಗಿದರೆ ಮತ್ತೆ ಬರುತ್ತದೆ ಎಂದು ಅನಿಸತೊಡಗಿತು. ಆರು ವರ್ಷ ಪ್ರಭಾರಿ ಎಂದು ಕರೆಸಿಕೊಂಡವನಿಗೆ ಮೂಗಿನ ತುದಿಯಲ್ಲೇ ಕೋಪ. ತಿರುಗಿ, "ಯಾರಯ್ಯಾ ಅದು ಸಿಳ್ಳೆ ಹಾಕ್ತಿರೋದು? ಇದೇನು ಸಂತೇನಾ? ದೊಡ್ಡೋರು ಚಿಕ್ಕೋರು ಅನ್ನೋದಿಲ್ವಾ?" ಎಂದು ಗದರಿದ. ಕೆಲಸಗಾರರು ಸಲಿಕೆ ಹಿಡಿದು ನಿಂತುಬಿಟ್ಟರು. ಒಬ್ಬ ಕಿಸಕ್ಕನೆ ನಕ್ಕ. ಅವನ ಹಿಂದೆ ಏಣಿ ಹಿಡಿದಿದ್ದ ಆ ಮನುಷ್ಯ ಅಂಗೈಯಿಂದ ಮೂಗು ಮುಚ್ಚಿಕೊಂಡು, ಬಾಯಿ ತೆರೆದು ಉಸಿರಾಡತೊಡಗಿದ. ತಪಾಸಣೆ ಮುಗಿಯುವ ತನಕ ಹಾಗೇ ನಿಂತಿದ್ದ. ಪ್ರಭಾರಿಗೆ ಆಗ ಒಂದು ಬಗೆಯ ತೃಪ್ತಿಯಾಗಿತ್ತು, ತನ್ನ ಮಾತು ನಡೆಯುತ್ತದೆ ಎಂಬ ತೃಪ್ತಿ. ಈಗ ಬಸ್ಸಿನಲ್ಲಿ ಕೂತು ಆ ತೃಪ್ತಿಯನ್ನು ನೆನೆದು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಎಲ್ಲಕ್ಕೂ ಮೊದಲಿನದು ಒಂದು ಫೋನು. ಹೋದ ವರ್ಷ ಮೇ ತಿಂಗಳಲ್ಲಿ ಅವನು ಕ್ಷೌರದ ಅಂಗಡಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ. ಊರಾಚೆ ಒಂದು ಹಳೆಯ ಕಾರ್ಖಾನೆ, ಸೈಕಲ್ಲಿನ ಹ್ಯಾಂಡಲ್ಲು, ನಲ್ಲಿ, ಬಾಗಿಲ ಹಿಡಿಗಳಿಗೆ ಥಳಥಳ ಹೊಳಪು ಕೊಡುತ್ತಿದ್ದದ್ದು, ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಹೊಳಪು ಹೋದಲ್ಲಿ ಹೋಗಿ, ವಿಷ ಅಲ್ಲಿಯ ನೆಲದೊಳಗೆ ಹಳದಿಯಾಗಿ ಇಳಿದಿತ್ತು. ಆ ಮಣ್ಣನ್ನು ಅಗೆದು, ಕಬ್ಬಿಣದ ಡ್ರಮ್ಮುಗಳಲ್ಲಿ ತುಂಬಿ, ಶಾಶ್ವತವಾಗಿ ಹೂಳುವ ಗುಂಡಿ ಸಿದ್ಧವಾಗುವ ತನಕ ತಗಡಿನ ಶೆಡ್ಡಿನಲ್ಲಿ ಇಡಬೇಕೆಂದು ತೀರ್ಮಾನವಾಗಿತ್ತು. ತಾತ್ಕಾಲಿಕ ಸಂಗ್ರಹ. ತಾತ್ಕಾಲಿಕವೆಂದರೆ ತೊಂಬತ್ತು ದಿನ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ. ಪ್ರತಿ ಡ್ರಮ್ಮಿನ ಹೊಟ್ಟೆಯ ಮೇಲೆ ಚೀಟಿ ಅಂಟಿಸಿ, ಮೊದಲ ಹಿಡಿ ಮಣ್ಣು ಬಿದ್ದ ದಿನದ ತಾರೀಖು ಬರೆಯಬೇಕು. ಗಡುವು ಮುಗಿಯಲು ನಾಲ್ಕು ದಿನವಿದ್ದಾಗ ಗುತ್ತಿಗೆದಾರನ ಸೂಪರ್‌ವೈಸರ್ ಫೋನು ಮಾಡಿದ. "ಸರ್, ಒಂದು ಡ್ರಮ್ಮು ಸೋರ್ತಾ ಇದೆ, ಬೇರೆದಕ್ಕೆ ಸುರೀಬೇಕು. ಬೇರೆದರ ಮೇಲೆ ಯಾವ ತಾರೀಖು ಬರೀಲಿ?" ಕ್ಷೌರಿಕ ಕತ್ತರಿ ಎತ್ತಿ ಹಿಡಿದು ಕಾಯುತ್ತಿದ್ದ. ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಅವರಿಗೆಲ್ಲ ಕೇಳಿಸಲಿ ಎಂಬಂತೆ ಪ್ರಭಾರಿ, "ಹೊಸ ಡ್ರಮ್ಮಿಗೆ ಹೊಸ ತಾರೀಖು ಕಣ್ರೀ. ಇದನ್ನೂ ನಾನೇ ಹೇಳಿಕೊಡಬೇಕಾ?" ಎಂದ. ಬೆಂಚಿನ ಮೇಲಿದ್ದವರು ನಕ್ಕರು. ಕ್ಷೌರಿಕ, "ಹೊಸ ತಲೆಗೆ ಹೊಸ ಕ್ರಾಪು," ಎಂದು ಸೇರಿಸಿದ. ಅಷ್ಟೇ. ಆ ಮಾತು ಮುಗಿದು ಐದು ನಿಮಿಷಕ್ಕೆ ಅವನು ಅದನ್ನು ಮರೆತಿದ್ದ.

ಸೂಪರ್‌ವೈಸರ್ ಮರೆಯಲಿಲ್ಲ. ಸೋರುತ್ತಿದ್ದದ್ದು ಒಂದೇ ಆದರೂ, ಆ ವಾರ ಶೆಡ್ಡಿನಲ್ಲಿದ್ದ ಅರವತ್ತೆರಡೂ ಡ್ರಮ್ಮುಗಳನ್ನು ಬಗ್ಗಿಸಿ, ಮಣ್ಣನ್ನು ಸಲಿಕೆಯಿಂದ ಕೆರೆದು, ಹೊಸ ಡ್ರಮ್ಮುಗಳಿಗೆ ತುಂಬಿಸಿ, ಹೊಸ ತಾರೀಖು ಬರೆಸಿದ. ಆಗಸ್ಟಿನಲ್ಲಿ ಇನ್ನೊಮ್ಮೆ. ನವೆಂಬರಿನಲ್ಲಿ ಇನ್ನೊಮ್ಮೆ. ಫೆಬ್ರುವರಿಯಲ್ಲಿ ಮತ್ತೊಮ್ಮೆ. ತಪಾಸಣೆಗೆ ಹೋದಾಗಲೆಲ್ಲ ಪ್ರಭಾರಿಗೆ ಕಂಡದ್ದು ಹೊಸ ಬಣ್ಣದ ಡ್ರಮ್ಮುಗಳು, ತೊಂಬತ್ತರೊಳಗಿನ ತಾರೀಖುಗಳು. ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಂಡಿತ್ತು. ಮೊದಲ ಸಲವೇ ಕಂಡಿತ್ತು, ನೆಲದ ಮೇಲೆ ಗುಡಿಸಿಯೂ ಉಳಿದ ಹಳದಿ ಪುಡಿ ಕಂಡಿತ್ತು. ಗುಂಡಿ ಆಗಿಲ್ಲ, ಗಡುವು ಹೆಚ್ಚಿಸಿ ಎಂದು ಕೇಂದ್ರ ಕಚೇರಿಗೆ ಬರೆಯುವುದೊಂದು ದಾರಿಯಿತ್ತು. ಬರೆದರೆ ಯಾಕೆ, ಏನು, ಯಾರ ತಪ್ಪು ಎಂದು ಹತ್ತು ಪ್ರಶ್ನೆ ಬರುತ್ತವೆ, ಪ್ರಭಾರದಲ್ಲಿರುವವನಿಗೆ ಪ್ರಶ್ನೆ ಬರಬಾರದು. ಹೀಗಾಗಿ ನಮೂನೆಯ ಕೊನೆಯ ಅಂಕಣದಲ್ಲಿ, ಷರಾ ಎಂಬಲ್ಲಿ, ನಾಲ್ಕು ಸಲವೂ 'ಏನೂ ಇಲ್ಲ' ಎಂದು ಬರೆದು ಸಹಿ ಹಾಕಿದ. ಎಲ್ಲವನ್ನೂ ತನ್ನ ಮೂಗಿನ ನೇರಕ್ಕೇ ನೋಡಿದ. ಈಗ ಕಾಗದದ ಪ್ರಕಾರ ಆ ಶೆಡ್ಡಿನಲ್ಲಿ ಯಾವ ಮಣ್ಣೂ ತೊಂಬತ್ತು ದಿನಕ್ಕಿಂತ ಹೆಚ್ಚು ಇದ್ದದ್ದಿಲ್ಲ, ಯಾರೂ ಅದನ್ನು ಸಲಿಕೆಯಿಂದ ಮುಟ್ಟಿದ್ದಿಲ್ಲ. ಆರು ತಿಂಗಳು ಮುಟ್ಟಿದವನು ಎಲ್ಲಿಂದ ಬರಬೇಕು? ಜನರನ್ನು ಆ ಮಣ್ಣಿನಿಂದ ಕಾಪಾಡಲೆಂದು ಮಾಡಿದ ತೊಂಬತ್ತು ದಿನದ ನಿಯಮವೇ ತೊಂಬತ್ತು ದಿನಕ್ಕೊಮ್ಮೆ ಒಬ್ಬ ಮನುಷ್ಯನ ಮುಖಕ್ಕೆ ಆ ಮಣ್ಣನ್ನು ಎರಚಿತ್ತು.

ಬಸ್ಸಿಳಿದು ಕಾರ್ಖಾನೆಯ ಗೇಟು ದಾಟಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಶೆಡ್ಡಿನ ಹೊರಗೆ ಬಿಸಿಲಲ್ಲಿ ಎರಡು ಸಾಲಾಗಿ ನಿಲ್ಲಿಸಿದ್ದ ಖಾಲಿ ಡ್ರಮ್ಮುಗಳು. ನೀಲಿ ಬಣ್ಣದವು, ಮುಚ್ಚಳಗಳನ್ನು ಪಕ್ಕದಲ್ಲಿ ತಟ್ಟೆಗಳ ಹಾಗೆ ಒಂದರ ಮೇಲೊಂದು ಜೋಡಿಸಿಟ್ಟಿದ್ದರು. ಎಣಿಸಬೇಕಾಗಿರಲಿಲ್ಲ, ಅರವತ್ತೆರಡು ಇರುತ್ತವೆ. ಈ ವಾರದ ಕೊನೆಗೆ ತೊಂಬತ್ತು ದಿನ ತುಂಬುತ್ತದೆ. ಅವನು ಇವತ್ತು ಷರಾ ಅಂಕಣ ತುಂಬಿ ಸಹಿ ಹಾಕಿದರೆ, ನಾಡಿದ್ದು ಬೆಳಗ್ಗೆ ಐದನೆಯ ಸಲ ಸುರಿಯುವ ಕೆಲಸ ಶುರುವಾಗುತ್ತದೆ. ಸೂಪರ್‌ವೈಸರ್ ಬಿಳಿ ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದುರು ಬಂದ. ಕೆಟ್ಟವನಲ್ಲ, ಮಗಳ ಪರೀಕ್ಷೆಯ ಫಲಿತಾಂಶ ಬಂದರೆ ಎಲ್ಲರಿಗೂ ಸಿಹಿ ಹಂಚುವವನು. "ಬನ್ನಿ ಸರ್, ಬನ್ನಿ. ಇನ್ನು ಪ್ರಭಾರಿ ಅನ್ನೋ ಹಾಗಿಲ್ವಂತೆ? ಸುದ್ದಿ ನಮಗೂ ಬಂತು," ಎಂದು ಹಲ್ಲು ಬಿಟ್ಟ. "ಕುರ್ಚಿ ಹಾಕಿಸಿದ್ದೀನಿ, ನೆರಳಲ್ಲಿ ಕೂತು ಸಹಿ ಮಾಡಿಬಿಡಿ. ಒಳಗೆ ಶೆಕೆ, ಸುಮ್ನೆ ಯಾಕೆ ಹೋಗ್ತೀರಿ."

ಕುರ್ಚಿಯ ಕಡೆ ಅವನ ಕಾಲು ಒಂದು ಹೆಜ್ಜೆ ಹೋಯಿತು, ಅದನ್ನು ಅವನೇ ನೋಡಿದ. ನೆರಳು ಹಿತವಾಗಿತ್ತು. ಒಂದು ಪ್ರಮಾಣಪತ್ರವನ್ನು ಬೇರೆಯಾಗಿ, ತಾರೀಖಿನ ಗೊಡವೆಗೆ ಹೋಗದೆ, ಮಾನವೀಯ ದೃಷ್ಟಿಯಿಂದ ಎಂದೆಲ್ಲ ಸೇರಿಸಿ ಬರೆದುಕೊಟ್ಟರಾಗದೇ ಎಂಬ ಯೋಚನೆ ಹದಿನೈದು ದಿನದಲ್ಲಿ ನೂರನೆಯ ಸಲ ಬಂತು. ಆಗುವುದಿಲ್ಲ. ಆಸ್ಪತ್ರೆಯವರು ತಪಾಸಣಾ ವರದಿ ತರಿಸಿ ಹೋಲಿಸುತ್ತಾರೆ, ಎರಡರಲ್ಲಿ ಒಂದು ಸುಳ್ಳು ಎಂದಾಗ ಸುಳ್ಳಾಗುವುದು ಆ ಮನುಷ್ಯನ ಮೂಗೇ. ಚೀಲದಿಂದ ಮುಖಗವಸು ತೆಗೆದು ಕಟ್ಟಿಕೊಂಡು ಶೆಡ್ಡಿನೊಳಗೆ ಹೋದ.

ಒಳಗೆ ಆ ಮನುಷ್ಯ ಒಬ್ಬನೇ ಇದ್ದ. ಮೂಲೆಯಲ್ಲಿ ನೀರು ಚಿಮುಕಿಸಿ ನೆಲ ಗುಡಿಸುತ್ತಿದ್ದವನು ಇವನನ್ನು ಕಂಡ ಕೂಡಲೇ ಪೊರಕೆ ಗೋಡೆಗೆ ಒರಗಿಸಿ, ನವೆಂಬರಿನಲ್ಲಿ ಮಾಡಿದ ಹಾಗೆಯೇ ಅಂಗೈಯಿಂದ ಮೂಗು ಮುಚ್ಚಿಕೊಂಡ. ಅವನ ಮುಖಕ್ಕೆ ಕಟ್ಟಿಕೊಳ್ಳುವ ಹತ್ತಿಯ ಬಟ್ಟೆ ಕೊರಳಲ್ಲಿ ಜೋತುಬಿದ್ದಿತ್ತು, ಒಗೆದು ಒಗೆದು ತೆಳ್ಳಗಾಗಿತ್ತು. ಬೆರಳುಗಳ ಸಂದಿಯಲ್ಲಿ ಚರ್ಮ ಸಣ್ಣ ಸಣ್ಣ ಗುಳಿಯಾಗಿ ಕೂತಿತ್ತು. "ಕೈ ತೆಗೀರಿ," ಎಂದ ಪ್ರಭಾರಿ. ಮುಖಗವಸಿನೊಳಗಿಂದ ಮಾತು ಸರಿಯಾಗಿ ಹೊರಡಲಿಲ್ಲವೋ ಏನೋ, ಆ ಮನುಷ್ಯ ಇನ್ನೂ ಹಿಂದಕ್ಕೆ ಸರಿದ. ಪ್ರಭಾರಿ ಮುಖಗವಸನ್ನು ಗಲ್ಲಕ್ಕೆ ಎಳೆದುಕೊಂಡು, "ಕೈ ತೆಗೀರಿ, ಪರವಾಗಿಲ್ಲ. ಅವತ್ತು ನಾನು ಹಂಗೆ ಮಾತಾಡಬಾರದಿತ್ತು," ಎಂದ. ಈ ಮಾತನ್ನು ಬಸ್ಸಿನಲ್ಲಿ ಎಷ್ಟೋ ಸಲ ಆಡಿ ನೋಡಿಕೊಂಡಿದ್ದ, ಅಲ್ಲಿ ಇದಕ್ಕಿಂತ ಉದ್ದವಾಗಿತ್ತು. ಆ ಮನುಷ್ಯ ಕೈ ಇಳಿಸಿದ. "ಅಯ್ಯೋ ಬಿಡಿ ಸರ್, ಮನೇಲೂ ಬೈತಾರೆ. ರಾತ್ರಿ ನಿದ್ದೆ ಬರಲ್ಲ ನಿನ್ನ ಪೀಪಿಯಿಂದ ಅಂತ ನನ್ನ ಹೆಂಡ್ತಿ ಅಡುಗೆಮನೇಲಿ ಮಲಗ್ತಾಳೆ," ಎಂದು ನಗಲು ನೋಡಿದ. ನಗು ಸಿಳ್ಳೆಯಾಗಿ ಬಂತು.

ಗೋಡೆಯ ಪಕ್ಕದ ಡ್ರಮ್ಮಿನ ಮುಚ್ಚಳದ ಮೇಲೆ ನಮೂನೆಯನ್ನು ಹರಡಿ ಪ್ರಭಾರಿ ಪೆನ್ನು ತೆಗೆದ. ಡ್ರಮ್ಮಿನ ಹೊಟ್ಟೆಯ ಮೇಲಿನ ಚೀಟಿಯಲ್ಲಿ ಈ ವರ್ಷದ ಫೆಬ್ರುವರಿಯ ತಾರೀಖಿತ್ತು, ದುಂಡಗಿನ ಅಕ್ಷರ. ಮೊದಲ ಸಲ ಸುರಿದದ್ದು ಯಾವತ್ತು, ನಿಮಗೆ ನೆನಪಿದೆಯಾ ಎಂದು ಕೇಳಿದ. ಆ ಮನುಷ್ಯ ಯೋಚಿಸಲೇ ಇಲ್ಲ. ಮಣ್ಣು ಅಗೆದು ತುಂಬಿದ್ದು ಹೋದ ವರ್ಷ ಫೆಬ್ರುವರಿ ಹನ್ನೊಂದು, ಸುರಿದದ್ದು ಮೇ ಒಂಬತ್ತು ಹತ್ತು ಹನ್ನೊಂದು, ಮೂರು ದಿನ; ಆಗಸ್ಟಿನಲ್ಲಿ ನಾಲ್ಕು ದಿನ, ಒಬ್ಬನಿಗೆ ಜ್ವರ ಬಂದು ಒಂದು ಆಳು ಕಮ್ಮಿಯಿತ್ತು; ನವೆಂಬರಿನದೂ ಫೆಬ್ರುವರಿಯದೂ ಹೇಳಿದ. ಬೆಳಗ್ಗೆ ಅಕ್ಕ ತಲೆಯೆತ್ತದೆ ತಾರೀಖು ಹೇಳಿದ್ದು ನೆನಪಾಯಿತು. ಮೈಮೇಲೆ ಬಿದ್ದದ್ದನ್ನು ಹೊತ್ತವರು ಯಾವುದನ್ನೂ ಮರೆಯುವುದಿಲ್ಲ. "ನಿಮ್ಮ ಹೆಸರು?" ಎಂದು ಕೇಳಿದ. ಒಂದು ವರ್ಷದ ಮೇಲೆ ಮೂರು ತಿಂಗಳಾಗಿತ್ತು, ಕೇಳಿದ್ದು ಇದೇ ಮೊದಲು. ಆ ಮನುಷ್ಯ ಹೇಳಿದ, ತಂದೆಯ ಹೆಸರನ್ನೂ ಸೇರಿಸಿ ಹೇಳಿದ. ಪ್ರಭಾರಿ ಅಕ್ಷರ ತಪ್ಪದಂತೆ ಬರೆದುಕೊಂಡ.

ಷರಾ ಅಂಕಣ ಎರಡು ಬೆರಳಿನಷ್ಟು ಅಗಲವಿತ್ತು. ಅದನ್ನು ಮಾಡಿದವರಿಗೂ ಅಲ್ಲಿ ಯಾರೂ ಏನೂ ಬರೆಯುವುದಿಲ್ಲ ಎಂಬುದು ಗೊತ್ತಿದ್ದಿರಬೇಕು. ಅವನು ಸಣ್ಣಕ್ಷರದಲ್ಲಿ ಶುರು ಮಾಡಿ, ಜಾಗ ಸಾಲದೆ ಅಂಚಿಗೆ ತಿರುಗಿ, ಹಾಳೆಯ ಕೆಳಗಿನ ತನಕ ಬರೆದ. ಕಾರ್ಬನ್ನಿಗೆ ತಾಕಲೆಂದು ಒತ್ತಿ ಬರೆಯುತ್ತಿದ್ದದ್ದರಿಂದ ಬೆರಳು ನೋಯುತ್ತಿತ್ತು. ಒಂದು ವಾಕ್ಯದ ಬಳಿ ಪೆನ್ನು ನಿಂತಿತು. ತಾರೀಖು ಬದಲಾಯಿಸಿದ್ದು ಯಾರ ಮಾತಿನಂತೆ ಎಂಬುದನ್ನು ಬಿಟ್ಟು ಮುಂದೆ ಹೋಗಬಹುದಿತ್ತು, ಬದಲಾಯಿಸಲಾಗಿದೆ ಎಂದಷ್ಟೇ ಬರೆದರೆ ವಾಕ್ಯಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಕಚೇರಿಯ ಭಾಷೆಗೆ ಆ ಅನುಕೂಲ ಇದ್ದೇ ಇದೆ, ಅದರಲ್ಲಿ ಎಲ್ಲವೂ ಆಗಿರುತ್ತದೆ, ಯಾರೂ ಮಾಡಿರುವುದಿಲ್ಲ. ಆಗ ಸೂಪರ್‌ವೈಸರ್ ಬಾಗಿಲಲ್ಲಿ ಬಂದು ನಿಂತ. ಹಾಳೆಯ ಕಡೆ ನೋಡಿ ಅವನ ಮುಖ ಬದಲಾಯಿತು.

"ಏನ್ಸಾರ್, ಕಾದಂಬರಿ ಬರೀತಿದ್ದೀರಾ?"

"ನಾಡಿದ್ದು ಒಂದು ಹಿಡಿ ಮಣ್ಣೂ ಅಲ್ಲಾಡಬಾರದು. ಡ್ರಮ್ಮು ಬದಲಾಯಿಸೋದು ಬೇಡ."

"ಬದಲಾಯಿಸ್ದಿದ್ರೆ ಈ ವಾರದಲ್ಲೇ ತೊಂಬತ್ತು ದಾಟುತ್ತೆ ಸರ್."

"ಅದು ಯಾವತ್ತೋ ದಾಟಿದೆ."

ಸೂಪರ್‌ವೈಸರ್ ಒಳಗೆ ಬಂದು ದನಿ ತಗ್ಗಿಸಿದ. "ನೋಡಿ ಸರ್, ಆ ಗುಂಡಿ ಈ ಜನ್ಮದಲ್ಲಿ ಆಗಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ನಾನು ನನ್ನ ಮನಸ್ಸಿಗೆ ಬಂದ ಹಾಗೆ ಮಾಡಿಲ್ಲ. ನೀವು ಫೋನಲ್ಲಿ ಹೇಳಿದ್ದನ್ನ ಅವತ್ತೇ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ, ಸಾಹೇಬರ ಮೌಖಿಕ ಸೂಚನೆ ಮೇರೆಗೆ ಅಂತ. ನಿಮ್ಮ ಆದೇಶ ಬರೋ ಹೊತ್ತಲ್ಲಿ ಅದನ್ನೆಲ್ಲ ಯಾಕೆ ತೆಗೆಸ್ತೀರಿ? ಒಂದು ತಿಂಗಳು ತಡೀರಿ. ಖಾಯಂ ಆದ ಮೇಲೆ ಏನು ಬೇಕಾದ್ರೂ ಬರೀರಿ."

ಒಂದು ತಿಂಗಳು. ಆ ಮಾತು ಎಷ್ಟು ಮೃದುವಾಗಿ ಬಂತೆಂದರೆ, ಇದನ್ನು ತಾನೇ ಆಡಿದೆನೇನೋ ಎಂದು ಪ್ರಭಾರಿಗೆ ಅನಿಸಿತು. ನಾಲ್ಕು ದಿನ, ತೊಂಬತ್ತು ದಿನ, ಒಂದು ತಿಂಗಳು. ಅವನಿಗೆ ಭಯವಾಗಿತ್ತು. ಬಾಗಿಲ ಮೇಲಿನ ಹಳದಿ ಕಾಗದ, ಅದನ್ನು ಕೆರೆದು ತೆಗೆದು ತನ್ನ ಹೆಸರಿನ ಹಲಗೆ ಬರೆಸಬೇಕೆಂದು ಹೆಂಡತಿಯೊಡನೆ ಆಡಿದ್ದ ಮಾತು, ಎಲ್ಲ ಒಟ್ಟಿಗೆ ಕಣ್ಣಿಗೆ ಬಂದವು. ಹಿಂದಿನಿಂದ ಸಣ್ಣ ಸಿಳ್ಳೆ ಕೇಳಿಸುತ್ತಿತ್ತು, ಎಳೆದುಕೊಂಡಾಗ ಒಂದು, ಬಿಟ್ಟಾಗ ಒಂದು. ಬಗ್ಗಿ ಆ ವಾಕ್ಯವನ್ನು ಮುಗಿಸಿದ. ಮುಗಿಸಿ ಸಹಿ ಹಾಕಿದ. ಸೂಪರ್‌ವೈಸರ್ ಟೋಪಿ ತಲೆಗೇರಿಸಿಕೊಂಡು, ಜೇಬಿನಿಂದ ಫೋನು ತೆಗೆಯುತ್ತಾ ಹೊರಗೆ ಹೋದ.

ಮೂರು ಪ್ರತಿಗಳನ್ನು ಬಿಡಿಸಿ, ಗುಲಾಬಿ ಬಣ್ಣದ್ದನ್ನು ಆ ಮನುಷ್ಯನ ಕಡೆ ಚಾಚಿದ. ಅದು ಕಚೇರಿಯ ಕಡತಕ್ಕೆ ಹೋಗಬೇಕಾದ ಪ್ರತಿ, ಯಾರಿಗೂ ಕೊಡುವಂತಿಲ್ಲ. ಆ ಮನುಷ್ಯ ಎರಡೂ ಕೈಯಲ್ಲಿ ತೆಗೆದುಕೊಂಡು ಬೆಳಕಿಗೆ ಹಿಡಿದ, ಕಾರ್ಬನ್ ಅಕ್ಷರ ಮಸುಕಾಗಿತ್ತು. "ಓದಿಬಿಡಿ ಸರ್," ಎಂದ. ಪ್ರಭಾರಿ ಓದಿದ. ಈ ಅರವತ್ತೆರಡು ಡ್ರಮ್ಮುಗಳಲ್ಲಿರುವ ಮಣ್ಣು ಕಳೆದ ವರ್ಷ ಫೆಬ್ರುವರಿ ಹನ್ನೊಂದರಿಂದ ಈ ಶೆಡ್ಡಿನಲ್ಲಿಯೇ ಇದೆ. ನಾಲ್ಕು ಸಲ ಡ್ರಮ್ಮು ಬದಲಾಯಿಸಿ ನಾಲ್ಕು ಸಲ ತಾರೀಖು ಬದಲಾಯಿಸಲಾಗಿದೆ. ನಾಲ್ಕೂ ಸಲ ಮಣ್ಣನ್ನು ಕೈಯಾರೆ ಸುರಿದು ತುಂಬಿದವರು, ಎಂದು ಆ ಮನುಷ್ಯನ ಹೆಸರು, ತಂದೆಯ ಹೆಸರು. ಹದಿನೈದು ತಿಂಗಳಿಂದ ಇವರು ಈ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಾರೆ, ಸರಿಯಾದ ಮುಖಗವಸು ಇಲ್ಲದೆ. ತಾರೀಖು ಬದಲಾಯಿಸಿದ್ದು ನನ್ನ ಮಾತಿನಂತೆ. ಓದುವಾಗ ತನ್ನ ದನಿ ಸ್ವಲ್ಪ ದೊಡ್ಡದಾಗುತ್ತಿದೆ ಎಂಬುದು ಅವನ ಗಮನಕ್ಕೆ ಬಂತು. ಎದೆಯ ಮೇಲಿನ ಭಾರ ಇಳಿಯುತ್ತಿತ್ತು, ಈಗ ಆ ಮನುಷ್ಯ ಏನಾದರೂ ಹೇಳುತ್ತಾನೆ, ಕೈ ಮುಗಿದರೂ ಮುಗಿಯಬಹುದು, ಮುಗಿದರೆ ಬೇಡಿ ಬೇಡಿ ಅನ್ನಬೇಕು ಎಂದೂ ಅಷ್ಟರಲ್ಲೇ ಯೋಚಿಸಿಬಿಟ್ಟಿದ್ದ.

ಆ ಮನುಷ್ಯ ಹಾಳೆಯನ್ನು ವಾಪಸು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದ. ಜೇಬಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದಿದ್ದ.

"ಸರ್, ಕೊನೇಲಿ ಬರೆದಿದ್ದೀರಲ್ಲ, ನಿಮ್ಮ ಮಾತಿನಂತೆ ಅಂತ. ಅದು ನನ್ನ ಕೆಲಸ ಆಗ್ಲಿ ಅಂತ ನಿಮ್ಮ ಮೇಲೆ ಹಾಕ್ಕೊಂಡಿದ್ದಾ, ಇಲ್ಲ ನಿಜವಾಗ್ಲೂ ನೀವೇ ಹೇಳಿದ್ದಾ?"

ನಿಮಗಾಗಿಯೇ ಹಾಕಿಕೊಂಡೆ ಎಂಬ ಒಂದು ಸಣ್ಣ ಸುಳ್ಳಿಗೆ ಅಲ್ಲಿ ಜಾಗವಿತ್ತು. ಯಾರಿಗೂ ನಷ್ಟವಿಲ್ಲದ್ದು, ಕಾಗದದಲ್ಲಿ ಹೇಗೂ ಬರೆದಾಗಿತ್ತು.

"ನಾನೇ ಹೇಳಿದ್ದು," ಎಂದ ಪ್ರಭಾರಿ.

ಆ ಮನುಷ್ಯ ತಲೆಯಾಡಿಸಿದ.

"ಮೊದಲನೇ ಸಲ ಸುರಿಯೋವಾಗ್ಲೇ ಸೂಪರ್‌ವೈಸರ್ ಹೇಳಿದ್ರು, ಸಾಹೇಬ್ರೇ ಹೇಳಿದ್ದಾರೆ ಅಂತ. ನಾನು ನಂಬ್ಲಿಲ್ಲ ಸರ್. ಸಾಹೇಬ್ರು ಮುಖಕ್ಕೆ ಅಷ್ಟು ದಪ್ಪದ್ದು ಕಟ್ಕೊಂಡು ಬರೋರು, ಈ ಮಣ್ಣು ಏನು ಅಂತ ಗೊತ್ತಿರೋರು, ಗೊತ್ತಿರೋರು ಹಂಗೆ ಹೇಳ್ತಾರಾ, ನೀವೇ ಏನೋ ಕಟ್ತಾ ಇದ್ದೀರಿ ಅಂತ ಸೂಪರ್‌ವೈಸರ್‌ಗೆ ಅಂದೆ. ನೀವು ಬೈದು ಹೋದಾಗ್ಲೂ ಹುಡುಗ್ರು ಏನೇನೋ ಅಂದ್ರು, ಅವ್ರ ಜೊತೆ ಜಗಳಾನೇ ಆಡ್ದೆ. ಒಂದು ವರ್ಷದಿಂದ ನಿಮ್ಮ ಕಡೆಗೇ ಮಾತಾಡ್ಕೊಂಡು ಬಂದಿದ್ದೀನಿ."

ಅವನು ಬೈಯಲಿಲ್ಲ, ದನಿಯನ್ನೂ ಏರಿಸಲಿಲ್ಲ. ಹಾಳೆಯನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ. ಗೋಡೆಗೆ ಒರಗಿಸಿದ್ದ ಪೊರಕೆ ತೆಗೆದುಕೊಂಡು, ಬಿಟ್ಟಿದ್ದ ಮೂಲೆಗೇ ಹೋಗಿ, ನೀರು ಚಿಮುಕಿಸಿ ಗುಡಿಸತೊಡಗಿದ. ಪ್ರಭಾರಿ ಅಲ್ಲೇ ನಿಂತಿದ್ದ. ಗುಡಿಸುತ್ತಾ ಗುಡಿಸುತ್ತಾ ಅವನ ಕಾಲಿನ ಬಳಿ ಬಂದಾಗ ಆ ಮನುಷ್ಯ ತಲೆಯೆತ್ತದೆ, "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸರ್, ಧೂಳು ಏಳುತ್ತೆ," ಎಂದ.